ಹಳೆಯ ಲಾರಿಗೆ ಹೊಂದುವ ಪಿ.ಟಿ.ಓ.

(ಟಿಟ್ವಾಳಾದಲ್ಲಿ ಮೋಟಾರು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿರುವುದು ತೆಂಗಿನಕಾಯಿಗಿಂತ ತುಸು ದೊಡ್ಡದಾದ ಒಂದು ಎರಕದ ಪೆಟ್ಟಿಗೆಯ ವಿಷಯ. ಪುಸ್ತಕದಲ್ಲಿ ಅದರ ಹೆಸರು ಪವರ್ ಟೇಕ್ ಆಫ್. ನಮ್ಮ ಗ್ಯಾರೇಜುಗಳಲ್ಲಿ ಬರಿಯ ಪಿ.ಟಿ.ಓ. ಲಾರಿಯ ಗಿಯರ್ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಕೊಂಡಿರುವ ಈ ಚಿಕ್ಕ ಸಾಧನ ಇಂಜಿನಿನ ಶಕ್ತಿಯಲ್ಲಿ ಒಂದು ಪಾಲನ್ನು ಹೊರಕ್ಕೆ ತಂದುಕೊಡುತ್ತದೆ. ಆ ಶಕ್ತಿಯಿಂದ ಎಣ್ಣೆಯ ಪಂಪು ತಿರುಗಿ, ಜಾಕ್ ಏರಿ, ಟಿಪ್ಪರಿನ ತೊಟ್ಟಿ ಮೇಲೇಳುತ್ತದೆ. ಟ್ಯಾಂಕರಿನಲ್ಲಾದರೆ ನೀರಿನ ಪಂಪು ನಡೆಯುತ್ತದೆ.

ಟಿಟ್ವಾಳಾ ಎಂದರೆ ಹೊರಗಿನವರಿಗೆ ಮಹಾಗಣಪತಿಯ ಕ್ಷೇತ್ರ. ಇಲ್ಲಿ ದುಡಿಯುವ ನಮಗೆ ಅದು ಕಾಳು ನದಿಯ ದಂಡೆ, ಇಟ್ಟಿಗೆಯ ಭಟ್ಟಿ, ದಿನದಿನಕ್ಕೆ ಏಳುತ್ತಿರುವ ಕಟ್ಟಡ, ಮಣ್ಣು, ಖಡಿ, ಬೇಸಗೆಯ ನೀರಿನ ಟ್ಯಾಂಕರು. ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದ ನಮ್ಮ ಜನ ಈ ಮಣ್ಣನ್ನು ಅಗೆದಿದ್ದಾರೆ, ಹೊತ್ತಿದ್ದಾರೆ, ಲಾರಿ ಓಡಿಸಿದ್ದಾರೆ. ಕೆಲವರು ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ ಒಂದು ಹಳೆಯ ಲಾರಿಯನ್ನು ಕೊಂಡಿದ್ದಾರೆ. ಇಂಥ ಲಾರಿಯ ಪಿ.ಟಿ.ಓ. ಕೆಟ್ಟಿತೆಂದರೆ ಮನೆಯ ಒಲೆಗೇ ಪೆಟ್ಟು. ಆಗ ಒಡೆಯನೂ ಮಿಸ್ತ್ರಿಯೂ ಕುರ್ಲಾದ ಗುಜರಿ ಅಂಗಡಿಗಳಿಗೆ ಧಾವಿಸಿ, ಕಣ್ಣಿಗೆ ಒಪ್ಪಿದ್ದೊಂದನ್ನು ಹೊತ್ತು ತರುತ್ತಾರೆ. ಕಣ್ಣಿಗೆ ಒಪ್ಪಿದ್ದು ಹಲ್ಲಿಗೆ ಒಪ್ಪುತ್ತದೆಯೆ? ಇದೇ ಇಂದಿನ ಪ್ರಶ್ನೆ.

ಮೊದಲು ಪೆಟ್ಟಿಗೆಗಳ ವಂಶಾವಳಿಯನ್ನು ನೋಡೋಣ. ಟಾಟಾ ಕಂಪನಿಯು ೧೯೫೪ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಸಂಗಡ ಕೂಡಿ ಲಾರಿ ಕಟ್ಟಲು ತೊಡಗಿತು. ಆ ಒಪ್ಪಂದ ೧೯೬೯ರಲ್ಲಿ ಮುಗಿಯಿತು. ಮದರಾಸಿನ ಅಶೋಕ್ ಮೋಟರ್ಸ್ ೧೯೫೫ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡಿನ ಪಾಲುದಾರಿಕೆಯಿಂದ ಅಶೋಕ್ ಲೇಲ್ಯಾಂಡ್ ಆಯಿತು. ಕುರ್ಲಾದ ಪ್ರೀಮಿಯರ್ ಕಾರಖಾನೆಯಿಂದ ಅಮೆರಿಕದ ಮೂಲದ ಡಾಡ್ಜ್, ಫಾರ್ಗೊ ಲಾರಿಗಳು ಹೊರಬಂದವು. ಒಂದೇ ರಸ್ತೆಯಲ್ಲಿ ಓಡಿದ ಲಾರಿಗಳಾದರೂ ಮೂರು ದೇಶಗಳ ಅಳತೆಯ ಪದ್ಧತಿಗಳು ಅವುಗಳೊಡನೆ ಬಂದವು. ಜರ್ಮನರದು ಮಿಲಿಮೀಟರಿನ ಲೆಕ್ಕ; ಇಂಗ್ಲಿಷರದೂ ಅಮೆರಿಕನ್ನರದೂ ಅಂಗುಲದ ಲೆಕ್ಕ. ಅಮೆರಿಕನ್ನರು ಪಿ.ಟಿ.ಓ. ಕೂಡಿಸುವ ಕಿಂಡಿಗೆ ಆರು ಬೋಲ್ಟಿನದು, ಎಂಟು ಬೋಲ್ಟಿನದು ಎಂದು ಎರಡು ನಿಯತ ಮಾದರಿಗಳನ್ನು ಗೊತ್ತುಮಾಡಿಕೊಂಡರು. ಉಳಿದ ದೇಶಗಳ ಪೆಟ್ಟಿಗೆಗಳಲ್ಲಿ ಈ ಏಕರೂಪತೆಯನ್ನು ನಿರೀಕ್ಷಿಸಲಾಗದು.

ಆದ್ದರಿಂದ ಹುಡುಕಾಟದ ಮೊದಲ ಸೂತ್ರ: ಲಾರಿಯ ಹೆಸರು ಹೇಳಿ ಪಿ.ಟಿ.ಓ. ಕೇಳಬೇಡಿರಿ, ಗಿಯರ್ ಪೆಟ್ಟಿಗೆಯ ಗುರುತು ಹೇಳಿ ಕೇಳಿರಿ. ಇಪ್ಪತ್ತು ವರ್ಷ ದುಡಿದ ಲಾರಿಯಲ್ಲಿ ಆರ್.ಸಿ. ಪುಸ್ತಕದ ಹೆಸರು ಒಂದಿದ್ದು, ಕೆಳಗಿರುವ ಪೆಟ್ಟಿಗೆ ಬೇರೆಯದಾಗಿರುವುದು ಸಾಮಾನ್ಯ. ಗ್ರೀಸನ್ನು ಕೆರೆದು, ಸೀಮೆಎಣ್ಣೆಯಿಂದ ತೊಳೆದು, ತಗಡಿನ ಮೇಲಿನ ಅಂಕಿಯನ್ನೂ ಎರಕದ ಅಂಕಿಯನ್ನೂ ಬರೆದುಕೊಳ್ಳಿರಿ.

ಎರಡನೆಯದು, ಹಲ್ಲಿನ ಅಳತೆ. ಕಿಂಡಿಯ ಮುಚ್ಚಳ ತೆಗೆದರೆ ಕೌಂಟರ್ ಶಾಫ್ಟಿನ ಚಕ್ರ ಕಾಣುತ್ತದೆ, ಪಿ.ಟಿ.ಓ. ಚಕ್ರ ಕಚ್ಚಬೇಕಾದದ್ದು ಅದನ್ನೇ. ನೇರ ಹಲ್ಲಿನ ಚಕ್ರವಾದರೆ ಹೊರವ್ಯಾಸವನ್ನು ಹಲ್ಲುಗಳ ಎಣಿಕೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಸಿಕ್ಕುತ್ತದೆ. ೨೨ ಹಲ್ಲು, ೯೬ ಮಿಲಿಮೀಟರ್ ವ್ಯಾಸವಿದ್ದರೆ, ೯೬ನ್ನು ೨೪ರಿಂದ ಭಾಗಿಸಿ, ಮಾಡ್ಯೂಲ್ ೪. ಅಂಗುಲದ ಲೆಕ್ಕದ ೬ ಪಿಚ್ಚಿನ ಚಕ್ರಕ್ಕೆ ಅದೇ ೨೨ ಹಲ್ಲಿದ್ದರೆ ವ್ಯಾಸ ೧೦೧.೬ ಮಿಲಿಮೀಟರ್. ಒಂದು ಹಲ್ಲಿನಿಂದ ಮತ್ತೊಂದಕ್ಕೆ ಮೊದಲಿನದರಲ್ಲಿ ೧೨.೫೭, ಎರಡನೆಯದರಲ್ಲಿ ೧೩.೩೦ ಮಿಲಿಮೀಟರ್. ಮುಕ್ಕಾಲು ಮಿಲಿಮೀಟರಿನ ಈ ಅಂತರ ಕಣ್ಣಿಗೆ ಕಾಣದು. ಆದರೆ ಇವೆರಡನ್ನೂ ಕೂಡಿಸಿ ತಿರುಗಿಸಿದರೆ ಹಲ್ಲು ಮುರಿದು ಎಣ್ಣೆಯಲ್ಲಿ ಬೀಳುತ್ತದೆ. ಬಿದ್ದ ಚೂರು ಬೇರಿಂಗನ್ನು ತಿನ್ನುತ್ತದೆ. ಸಾವಿರಗಳ ಪಿ.ಟಿ.ಓ. ಉಳಿಸಲು ಹೋಗಿ ಇಡೀ ಗಿಯರ್ ಪೆಟ್ಟಿಗೆಯನ್ನು ಕಳೆದುಕೊಂಡಂತಾಯಿತು. ಹಲ್ಲು ಓರೆಯಾಗಿದ್ದರೆ ಓರೆಯ ಕೋನ ಸಮನಾಗಿರಬೇಕು. ಒಂದು ಬಲಗಡೆಗೆ ಓರೆಯಾದರೆ ಇನ್ನೊಂದು ಎಡಗಡೆಗೆ ಓರೆಯಾಗಿರಬೇಕು. ಈ ಓರೆಹಲ್ಲಿಗೆ ಮೇಲಿನ ಸುಲಭ ಲೆಕ್ಕ ನಡೆಯದು. ಮಾದರಿಯನ್ನು ಹಲ್ಲು ಕಡಿಯುವ ಕಾರಖಾನೆಗೆ ಒಯ್ದು ಅಳೆಯಿಸಬೇಕು.

ಮೂರನೆಯದು, ಆಳ. ಕಿಂಡಿಯ ಮುಖದಿಂದ ಒಳಗಿನ ಚಕ್ರದವರೆಗಿನ ದೂರಕ್ಕೂ ಪಿ.ಟಿ.ಓ. ಚಕ್ರ ಚಾಚಿಕೊಂಡಿರುವ ಉದ್ದಕ್ಕೂ ಮೇಳವಿರಬೇಕು. ಹಲ್ಲುಗಳ ನಡುವಿನ ಸಡಿಲವು ಸಾಧಾರಣವಾಗಿ ೦.೧೫ರಿಂದ ೦.೩೦ ಮಿಲಿಮೀಟರಿನೊಳಗೆ ಇರತಕ್ಕದ್ದು. ಡಯಲ್ ಗೇಜಿನಿಂದ ನೋಡಿ, ಪ್ಯಾಕಿಂಗನ್ನು ಹೆಚ್ಚುಕಡಿಮೆ ಮಾಡಿ ಸರಿಪಡಿಸಬೇಕು. ಕೂಡಿಸಿದ ಮೇಲೆ ಕೊಯ್ಯೆಂದು ಕೂಗಿದರೆ ಬಿಗಿಯಾಯಿತು. ಗಡಗಡ ಸದ್ದಾದರೆ ಸಡಿಲವಾಯಿತು. ಪ್ಯಾಕಿಂಗಿನ ಮೇಲೆ ಪ್ಯಾಕಿಂಗ್ ಪೇರಿಸಿ ತಪ್ಪು ಪಿ.ಟಿ.ಓ.ವನ್ನು ಸರಿಯಾದದ್ದನ್ನಾಗಿ ಮಾಡಲಾಗದು.

ನಾಲ್ಕನೆಯದು, ತಿರುಗುವ ದಿಕ್ಕು. ಕೌಂಟರ್ ಶಾಫ್ಟು ಇಂಜಿನಿಗೆ ವಿರುದ್ಧವಾಗಿ ತಿರುಗುತ್ತದೆ. ಅದನ್ನು ಕಚ್ಚಿದ ಒಂಟಿ ಚಕ್ರದ ಪಿ.ಟಿ.ಓ. ಇಂಜಿನಿನ ದಿಕ್ಕಿಗೂ, ಎರಡು ಚಕ್ರದ್ದು ಅದರ ವಿರುದ್ಧಕ್ಕೂ ತಿರುಗುತ್ತವೆ. ಒಂದೇ ದಿಕ್ಕಿನ ಪಂಪನ್ನು ತಿರುಗುಮುರುಗಾಗಿ ನಡೆಸಿದರೆ ತೊಟ್ಟಿ ಏಳುವುದಿಲ್ಲ, ಪಂಪಿನ ಸೀಲು ಹಾರಿಹೋಗುತ್ತದೆ.

ಐದನೆಯದು, ಹೊರುವ ಬಲ. ಇಂಜಿನು ನಿಮಿಷಕ್ಕೆ ೧,೨೦೦ ಸುತ್ತು, ಪಿ.ಟಿ.ಓ. ಅದರ ನೂರಕ್ಕೆ ೬೦ ಎಂದು ಇಟ್ಟುಕೊಳ್ಳೋಣ, ೭೨೦ ಸುತ್ತಾಯಿತು. ಪಂಪು ಸುತ್ತಿಗೆ ೬೦ ಸಿ.ಸಿ. ಎಣ್ಣೆ ತಳ್ಳುವುದಾದರೆ ನಿಮಿಷಕ್ಕೆ ಸುಮಾರು ೪೩ ಲೀಟರ್. ಒತ್ತಡ ೧೫೦ ಬಾರ್ ಇದ್ದರೆ, ಸೋರಿಕೆ, ತಿಕ್ಕಾಟಗಳನ್ನು ಬಿಟ್ಟು, ಬೇಕಾಗುವ ತಿರುಚುಬಲ ಸುಮಾರು ೧೪೩ ನ್ಯೂಟನ್ ಮೀಟರ್. ಟಿಪ್ಪರಿನ ಕೆಲಸ ಕ್ಷಣಕಾಲದ್ದು. ಟ್ಯಾಂಕರಿನ ಪಂಪು ಎಡೆಬಿಡದೆ ನಡೆಯುವಂಥದು. ಎಡೆಬಿಡದ ಕೆಲಸಕ್ಕೆ ಪಿ.ಟಿ.ಓ.ದ ಬಲವನ್ನು ನೂರಕ್ಕೆ ೭೦ರಷ್ಟೇ ಎಂದು ಎಣಿಸುವುದು ವಾಡಿಕೆ. ಅಂದರೆ ಇದೇ ಹೊರೆಯನ್ನು ಟ್ಯಾಂಕರಿನಲ್ಲಿ ಹೊರಲು ೨೦೫ ನ್ಯೂಟನ್ ಮೀಟರಿನ ಪಿ.ಟಿ.ಓ. ಬೇಕು. ಟಿಪ್ಪರಿನಿಂದ ಬಿಚ್ಚಿದ್ದು ಟ್ಯಾಂಕರಿಗೆ ಬಂದು ಸುಟ್ಟುಹೋಗುವ ಗುಟ್ಟು ಇಲ್ಲಿದೆ.

ಹೊಂದುವುದು ಸಿಗದಿದ್ದರೆ? ಪಿ.ಟಿ.ಓ. ಸಹಿತವಾದ ಅದೇ ಜಾತಿಯ ಪೂರ್ಣ ಪೆಟ್ಟಿಗೆಯನ್ನೇ ಹುಡುಕಬಹುದು. ಟ್ಯಾಂಕರಿಗೆ ಬೇರೆ ಚಿಕ್ಕ ಇಂಜಿನನ್ನು ಕೂಡಿಸಬಹುದು. ಪ್ರೊಪೆಲರ್ ಶಾಫ್ಟನ್ನು ಕತ್ತರಿಸಿ ನಡುವೆ ಕೂಡಿಸುವ ಪಿ.ಟಿ.ಓ.ಗಳೂ ಇವೆ, ಆದರೆ ಅದು ಬಲ್ಲವರ ಕೆಲಸ. ಕಿಂಡಿಯಿಲ್ಲದ ಪೆಟ್ಟಿಗೆಗೆ ಕಿಂಡಿ ಕೊರೆಯುವುದನ್ನು ಮಾತ್ರ ಯಾರೂ ಮಾಡಬಾರದು. ಸಾದಾ ಲಾರಿಯನ್ನು ಟಿಪ್ಪರ್ ಮಾಡುವವರು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮನ್ನು ನೆನಪಿಡಬೇಕು. ಅಪ್ಪಣೆಯಿಲ್ಲದೆ ವಾಹನದ ರೂಪವನ್ನು ಬದಲಿಸುವಂತಿಲ್ಲ.

ಬಂಧುಗಳೇ, ಇದು ಬರಿಯ ಹಣದ ಮಾತಲ್ಲ. ಕೆಲಸ ಮುಗಿದ ಮೇಲೂ ಬಿಡಿಸಿಕೊಳ್ಳದ ಪಿ.ಟಿ.ಓ. ಇದ್ದರೆ, ಲಾರಿ ಓಡುತ್ತಿರುವಾಗಲೇ ತೊಟ್ಟಿ ಮೇಲೇಳಬಹುದು. ನಮ್ಮ ಊರಿನ ನಡುವೆ ಹಾಯುವ ರೈಲಿನ ತಂತಿಯಲ್ಲಿ ೨೫,೦೦೦ ವೋಲ್ಟ್ ಇದೆ. ಎತ್ತಿದ ತೊಟ್ಟಿಯ ಕೆಳಗೆ ನುಗ್ಗಿ ದುರಸ್ತಿ ಮಾಡುವವನು ಒಡೆಯನಲ್ಲ, ಗ್ಯಾರೇಜಿನ ಹುಡುಗ. ಎಣ್ಣೆಯ ನಳಿಕೆ ಒಡೆದರೆ ಅವನಿಗೆ ಹೊರಬರಲು ವೇಳೆ ಸಿಗುವುದಿಲ್ಲ. ಕಬ್ಬಿಣದ ಆಸರೆ ಕೊಡದೆ ಯಾರನ್ನೂ ತೊಟ್ಟಿಯ ಕೆಳಗೆ ಕಳಿಸಬೇಡಿರಿ, ಕಳಿಸಿದರೆ ಹೋಗಬೇಡಿರಿ. “ಹೇಗಾದರೂ ಕೂಡಿಸು, ನಾಳೆ ಬೆಳಿಗ್ಗೆ ಗಾಡಿ ಹೋಗಬೇಕು” ಎಂದು ಗುತ್ತಿಗೆದಾರ ಒತ್ತಾಯಿಸಿದಾಗ, “ಹಲ್ಲು ಹೊಂದುವುದಿಲ್ಲ, ಕೂಡಿಸಲಾರೆ” ಎನ್ನುವುದಕ್ಕೆ ಒಬ್ಬ ಮಿಸ್ತ್ರಿಗೆ ಧೈರ್ಯ ಸಾಲದೆ ಇರಬಹುದು. ಅಳತೆಯ ಆಧಾರವೂ ಹತ್ತು ಜನರ ಬೆಂಬಲವೂ ಇದ್ದರೆ ಆ ಧೈರ್ಯ ಬರುತ್ತದೆ.

ಆದುದರಿಂದ ಸಂಘಕ್ಕೆ ನನ್ನದೊಂದು ಸೂಚನೆ. ಸಂಘದ ಕೋಣೆಯಲ್ಲಿ ಕನ್ನಡದ ಒಂದು ದಪ್ಪ ಪುಸ್ತಕವನ್ನಿಡೋಣ. ಪ್ರತಿಯೊಬ್ಬ ಮಿಸ್ತ್ರಿಯೂ ತಾನು ಬಿಚ್ಚಿದ ಪೆಟ್ಟಿಗೆಯ ಗುರುತು, ಕಿಂಡಿಯ ಬೋಲ್ಟುಗಳ ಎಣಿಕೆ, ಹಲ್ಲಿನ ಲೆಕ್ಕ, ಆಳ, ದಿಕ್ಕು, ಹೊಂದಿದ ಪಿ.ಟಿ.ಓ. ಯಾವುದು, ಹೊಂದದ್ದು ಯಾವುದು ಎಂಬುದನ್ನು ಅದರಲ್ಲಿ ಬರೆಯಲಿ. ಒಂದು ಡಯಲ್ ಗೇಜು, ಒಂದು ವರ್ನಿಯರ್ ಸಂಘದ ಆಸ್ತಿಯಾಗಿ ಇರಲಿ; ಬೇಕಾದವರು ಸಹಿ ಹಾಕಿ ಒಯ್ಯಲಿ. ಮುಂದಿನ ತಿಂಗಳ ಸಭೆಗೆ ಬರುವಾಗ ತಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಪೆಟ್ಟಿಗೆಯ ಅಳತೆಯನ್ನು ಬರೆದು ತರಬೇಕೆಂದು ಬೇಡಿಕೊಳ್ಳುತ್ತೇನೆ.