ಯಾವ ಸಂಪುಟ, ಎಷ್ಟನೆಯ ವಚನ?

(ಕಲಬುರಗಿಯ ಕುಸನೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳನ್ನು ಕುರಿತು ಆಡಿದ ಮಾತುಗಳು)



ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇನೆ. ನನ್ನ ಮಹಾಪ್ರಬಂಧದಲ್ಲಿ ಬಸವಣ್ಣನವರದೆಂದು ಒಂದು ವಚನ ಬಳಸಿದ್ದೆ. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಒಂದೇ ಪ್ರಶ್ನೆ ಕೇಳಿದರು: “ಯಾವ ಸಂಪುಟ, ಎಷ್ಟನೆಯ ವಚನ?” ನಾನು ಸುಮ್ಮನಾದೆ. ಅದನ್ನು ಎತ್ತಿಕೊಂಡದ್ದು ಒಂದು ಜಾತ್ರೆಯ ಸ್ಮರಣ ಸಂಚಿಕೆಯಿಂದ. ಮನೆಗೆ ಬಂದು ಸಮಗ್ರ ವಚನ ಸಂಪುಟ ತೆಗೆದು ಹುಡುಕಿದರೆ ಆ ವಚನವೇ ಇಲ್ಲ! ಅಂಕಿತ ಮಾತ್ರ ಬಸವಣ್ಣನವರದಿತ್ತು. ಇಡೀ ಅಧ್ಯಾಯ ತಿದ್ದಬೇಕಾಯಿತು.

ಅಂದು ಕಲಿತದ್ದನ್ನು ಮೂರು ಪ್ರಶ್ನೆಗಳಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಇದು ಎಲ್ಲಿಂದ ಬಂತು? ಫ.ಗು. ಹಳಕಟ್ಟಿಯವರು ವಕೀಲರು. ತಾಡೋಲೆಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ 15 ಸಂಪುಟಗಳನ್ನು ಹೊರತಂದಿತು. ಓಲೆ ನಕಲು ಮಾಡುವವನ ಕೈ ತಪ್ಪಬಹುದು. ಅದಕ್ಕೇ ಹಲವು ಪ್ರತಿಗಳನ್ನು ಹೋಲಿಸಿದ ಆವೃತ್ತಿ ಬೇಕು. ಮೊಬೈಲಿನಲ್ಲಿ ಬಂದ ವಚನಕ್ಕೆ ತಾಯಿಯೂ ಇಲ್ಲ, ತವರೂ ಇಲ್ಲ.

ಎರಡನೆಯದು, ಇದು ಯಾವ ಕಾಲದ ಸಾಕ್ಷಿ? ಶೂನ್ಯಸಂಪಾದನೆಯಲ್ಲಿರುವ ವಚನಗಳು ಬಹುಪಾಲು ಹನ್ನೆರಡನೆಯ ಶತಮಾನದವು. ಅವನ್ನು ಸಂವಾದವಾಗಿ ಜೋಡಿಸಿದ್ದು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಹಾಗಾಗಿ ಆ ಸಂವಾದದ ಕ್ರಮವನ್ನೇ ಅನುಭವ ಮಂಟಪದ ವರದಿಯೆಂದು ಬರೆಯಬೇಡಿ. 1260ರ ಅರ್ಜುನವಾಡ ಶಾಸನವು ಕಲ್ಯಾಣಕ್ಕೆ ಎಷ್ಟೋ ಹತ್ತಿರದ್ದು. ಬಸವಣ್ಣನವರ ಹೆಸರು ಅದರಲ್ಲಿದೆ. ಆದರೆ ಅದು ದತ್ತಿ ಶಾಸನ. ವಂಶದ ವಿಷಯಕ್ಕೆ ಅದನ್ನು ಕೇಳಿ, ತತ್ತ್ವದ ವಿಷಯಕ್ಕೆ ವಚನವನ್ನು ಕೇಳಿ.

ಮೂರನೆಯದು, ಸಾಕ್ಷಿಗಳು ನಿಜವಾಗಿ ಎರಡೋ, ಒಂದೋ? 1369ರ ಭೀಮಕವಿಯ ಕನ್ನಡ ಬಸವಪುರಾಣಕ್ಕೆ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೇ ಆಧಾರ. ಎರಡೂ ಒಂದೇ ಪವಾಡವನ್ನು ಹೇಳಿದರೆ ಸಾಕ್ಷಿ ಎರಡಾಗುವುದಿಲ್ಲ. ಒಬ್ಬನೇ ಎರಡು ಭಾಷೆಯಲ್ಲಿ ಹೇಳಿದಂತೆ.

“ಇಷ್ಟು ಅನುಮಾನ ಪಟ್ಟರೆ ಭಕ್ತಿ ಉಳಿಯುವುದೇ?” ಎಂದು ಕೆಲವರು ಕೇಳುತ್ತಾರೆ. ಬಂಧುಗಳೇ, ಲಿಂಗಾಯತವು ಸ್ವತಂತ್ರ ಧರ್ಮವೆಂದು ನಾವು ವಾದಿಸುತ್ತೇವೆ. ಹತ್ತು ಗಟ್ಟಿ ಆಧಾರಗಳ ನಡುವೆ ಒಂದು ಪೊಳ್ಳು ವಚನ ಸೇರಿದರೆ ಎದುರಾಳಿ ಅದನ್ನೇ ಹಿಡಿದು ಹತ್ತನ್ನೂ ಅಲ್ಲಗಳೆಯುತ್ತಾನೆ. ನಮ್ಮ ವಾದಕ್ಕೆ ಅನುಕೂಲವಾದ ವಚನವನ್ನೇ ಹೆಚ್ಚು ಪರೀಕ್ಷಿಸಬೇಕು. ನಾನು ಮೋಸಹೋದದ್ದು ಅಂಥ ವಚನದಿಂದಲೇ. ಅದು ನನಗೆ ಬಹಳ ಇಷ್ಟವಾಗಿತ್ತು.

ಕೊನೆಗೆ ಮಠಗಳ ಪೂಜ್ಯರಲ್ಲಿ ಎರಡು ಬಿನ್ನಹ. ಗೋಡೆಯ ಮೇಲೆ, ಪತ್ರಿಕೆಯಲ್ಲಿ, ಆಮಂತ್ರಣದಲ್ಲಿ ವಚನ ಬರೆಸುವಾಗ ಕೆಳಗೆ ಸಂಪುಟ ಮತ್ತು ವಚನದ ಸಂಖ್ಯೆ ಹಾಕಿಸಿರಿ. ಪೂಜೆಯ ಕೋಣೆಯಲ್ಲಿ ಓಲೆಕಟ್ಟುಗಳಿದ್ದರೆ ಈ ಮಕ್ಕಳಿಗೆ ಬಿಚ್ಚಿ ತೋರಿಸಿರಿ. ಕಟ್ಟಿಟ್ಟ ಓಲೆ ಹುಳುವಿನ ಪಾಲು. ಓದಿದ ಓಲೆ ಸಮಾಜದ ಪಾಲು.