ಪೊಲೀಸು, ಜಾಮೀನು, ವಕೀಲ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಲಾದಲ್ಲಿ ಹಣ ಕಡಿಮೆ ಬಿದ್ದರೆ ಮೊದಲು ಸಂಶಯ ಬರುವುದು ಮಾಣಿಯ ಮೇಲೆ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಮರಾಠಿ ಓದಲು ಬಾರದು. ಪೊಲೀಸರೆಂದರೆ ಕಾಲು ನಡುಗುತ್ತದೆ. ಆದುದರಿಂದ ಡೊಂಬಿವಲಿ, ಕಲ್ಯಾಣಗಳಲ್ಲಿ ನೀವು ಪದೇ ಪದೇ ಕೇಳುವ ನಾಲ್ಕು ಪ್ರಶ್ನೆಗಳಿಗೆ ಇಂದು ಉತ್ತರ ಹೇಳುತ್ತೇನೆ.

ಹಿಡಿದೊಯ್ದರೆ ಎಷ್ಟು ಹೊತ್ತು ಇಡಬಹುದು? ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೆಯ ವಿಧಿ. ಹಿಡಿದ ಕಾರಣವನ್ನು ಹೇಳಬೇಕು. ನೀವು ಹೆಸರಿಸಿದವರಿಗೆ ಸುದ್ದಿ ಮುಟ್ಟಿಸಬೇಕು.

ಸಹಿ ಹಾಕಬೇಕೇ? ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಹಾಗೆಯೇ ಹೇಳುತ್ತದೆ. ಬಂಧನದ ಪತ್ರಕ್ಕೆ ಮಾತ್ರ ಸಹಿ ಕೇಳುತ್ತಾರೆ; ಓದಿಸಿಕೊಂಡು ಹಾಕಿರಿ. ಬರಿ ಕಾಗದಕ್ಕೆ ಎಂದೂ ಹಾಕಬೇಡಿ.

ಜಾಮೀನು ಸಿಗುವುದೇ? ಕೆಲವು ಅಪರಾಧಗಳಲ್ಲಿ ಅದು ಹಕ್ಕು. ಉಳಿದವುಗಳಲ್ಲಿ ಕೋರ್ಟಿನ ವಿವೇಚನೆ. ನೌಕರನೇ ಧಣಿಯ ಸೊತ್ತು ಕದ್ದನೆಂಬ ಆರೋಪ ಎರಡನೆಯ ಬಗೆಯದು. ಆದುದರಿಂದ ಮೊದಲ ದಿನವೇ ವಕೀಲರು ಬೇಕು.

ವಕೀಲರಿಗೆ ಹಣವೆಲ್ಲಿ? 1987ರ ಕಾನೂನಿನಂತೆ ಬಂಧನದಲ್ಲಿರುವವನಿಗೆ, ಆದಾಯ ಎಷ್ಟೇ ಇರಲಿ, ಸರಕಾರದ ವಕೀಲರ ನೆರವು ಉಚಿತ. ಠಾಣೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿರಿ. 15100ಕ್ಕೆ ಫೋನು ಮಾಡಿರಿ. ಹಣ ಕೊಟ್ಟು ವಕೀಲರನ್ನಿಟ್ಟರೆ ಯಾವ ಕೆಲಸಕ್ಕೆ ಎಷ್ಟೆಂದು ಮೊದಲೇ ಕೇಳಿ, ರಶೀದಿ ಪಡೆಯಿರಿ. ವಕಾಲತ್ತಿನ ಕಾಗದ ಓದಿಸಿಕೊಳ್ಳಿರಿ. ಕೋರ್ಟಿನ ಬಾಗಿಲಲ್ಲಿ ನಿಂತ ದಲಾಲಿಯ ಕೈಗೆ ಬಿಡಿಕಾಸನ್ನೂ ಕೊಡಬೇಡಿ.

ಕಡೆಯ ಮಾತು: ಮನೆಯವರ, ಜೊತೆಗಾರನ ನಂಬರನ್ನು ಬಾಯಿಪಾಠ ಮಾಡಿರಿ. ನಮ್ಮ ಹುಡುಗನನ್ನು ಕರೆದೊಯ್ದರೆ ಇಬ್ಬರಾದರೂ ಹಿಂದೆ ಹೋಗಿರಿ. ಕೇಳುವವರಿದ್ದಾರೆಂದು ಕಂಡರೆ ಅವನಿಗೂ ಧೈರ್ಯ, ಕಾನೂನಿಗೂ ಬೆಲೆ.