ತಪ್ಪು ಬರೆದಿಡುವ ನೋಟ್‌ಬುಕ್

ಟ್ರಸ್ಟಿನ ಹಿರಿಯರೇ, ದಾನಿಗಳೇ, ಶಿಕಾರಿಪುರ, ಸೊರಬದಿಂದ ಬಂದಿರುವ ತಂದೆತಾಯಂದಿರೇ, ಮಕ್ಕಳೇ,

ಈ ಸಲದ ಅರ್ಜಿಗಳಲ್ಲಿ ಬಹಳ ಮಕ್ಕಳು ‘ಸಾಫ್ಟ್‌ವೇರ್ ಡೆವಲಪರ್ ಆಗಬೇಕು’ ಎಂದು ಬರೆದಿದ್ದಾರೆ. ನಾನು ಕನ್ನಡ ಮೇಷ್ಟ್ರು, ಕೋಡ್ ಬಾರದು. ಆದರೆ ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ಕೆಲಸ ನನಗೆ ಅರ್ಥವಾಗುತ್ತದೆ. ಕಾಗುಣಿತ, ಒತ್ತಕ್ಷರಗಳಿಗೆಲ್ಲ ಒಂದೊಂದು ಕೀಲಿ ಕೊಟ್ಟರೆ ನೂರಾರು ಬೇಕು. ಅವರ ವಿನ್ಯಾಸದಲ್ಲಿ ‘ಅಕ್ಕ’ ಬರೆಯಲು ಎ, ಕೆ, ಎಫ್, ಕೆ ಒತ್ತಿದರೆ ಸಾಕು. ಎಫ್ ಎಂದರೆ ನಾವು ಶಾಲೆಯಲ್ಲಿ ಕಲಿಸುವ ಅರ್ಧಾಕ್ಷರದ ಗುರುತು, ಅಷ್ಟೇ. ಮೊದಲು ಭಾಷೆಯನ್ನು ಬಿಡಿಸಿ ನೋಡಿದರು, ಆಮೇಲೆ ಯಂತ್ರಕ್ಕೆ ಹೇಳಿದರು. ಸರ್ಕಾರಿ ಕಚೇರಿಗಳ ‘ನುಡಿ’ ತಂತ್ರಾಂಶದ ಕೀಲಿಮಣೆಯೂ ಅದನ್ನೇ ಆಧರಿಸಿದ್ದು.

ಮಕ್ಕಳೇ, ನೀವೂ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬಿಡಿಸಿ. ಪರದೆಯಲ್ಲಿ ಎರರ್ ಬಂದರೆ ಗಾಬರಿಯಿಂದ ಮುಚ್ಚಬೇಡಿ, ಪೂರ್ತಿ ಓದಿ; ಯಾವ ಸಾಲಿನಲ್ಲಿ ಎಡವಿದೆ ಎಂದು ಬಹಳ ಸಲ ಅದೇ ಹೇಳುತ್ತದೆ. 1947ರಲ್ಲಿ ಹಾರ್ವರ್ಡ್‌ನ ಕಂಪ್ಯೂಟರಿನೊಳಗೆ ಸಿಕ್ಕಿದ ಪತಂಗವನ್ನು ಅಲ್ಲಿನವರು ದಿನಚರಿ ಪುಸ್ತಕಕ್ಕೇ ಅಂಟಿಸಿಟ್ಟರು. ನೀವೂ ತಪ್ಪು, ಅದರ ಕಾರಣ, ಸರಿಪಡಿಸಿದ ರೀತಿ ಬರೆದಿಡಿ. ನಾನು ಕೆಂಪು ಶಾಯಿ ಹಾಕಿದ ಹಾಳೆಗಳನ್ನು ನನ್ನ ವಿದ್ಯಾರ್ಥಿಗಳು ಹರಿದೆಸೆಯುತ್ತಿದ್ದರು. ಆ ಭಯ ಕಲಿಸಿದವನು ನಾನೇ.

ತಂದೆತಾಯಂದಿರೇ, ಕೋರ್ಸ್ ಸೇರಿದ ಆರು ತಿಂಗಳಿಗೇ ‘ಕೆಲಸ ಯಾವಾಗ’ ಎಂದು ಕೇಳಬೇಡಿ. ಮಗಳಿಗೂ ಸಂಜೆ ಮನೆಗೆಲಸದಿಂದ ಒಂದು ಗಂಟೆ ಬಿಡುವು ಕೊಡಿ.

ದಾನಿಗಳಲ್ಲಿ ಒಂದು ವಿನಂತಿ. ಫೀಸಿನ ಜೊತೆಗೆ, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಟ್ರಸ್ಟಿಗೆ ತಂದುಕೊಡಿ. ಅಪ್ಪನ ಮೊಬೈಲಿನಲ್ಲೇ ಕೋಡ್ ಬರೆದು ಕಲಿಯುತ್ತಿರುವ ಹುಡುಗಿ ಈ ಸಭೆಯಲ್ಲೇ ಕುಳಿತಿದ್ದಾಳೆ.